ಎರಡು ಸಲ ತಟ್ಟೋವರೆಗೆ

ಪ್ರೀತಿಯ ಸೂಜಿ,

ಕವರ್ ತೆಗೆಯುವಾಗ ಚರ್ರ್ ಅಂತ ಸದ್ದು ಬಂತಲ್ಲ, ಬೈಕೋಬೇಡ. ಬೈಕೊಳ್ಳಲೇಬೇಕು ಅಂತಿದ್ರೆ ಕಾಗದ ಓದಿ ಮುಗಿಸಿ ಬೈಕೋ, ಆಗ ಬೈಗುಳಕ್ಕೆ ಒಳ್ಳೆ ವಿಷಯಾನೂ ಸಿಗತ್ತೆ. ಅಂಟು ಹಚ್ಚೋ ಜಾಗಕ್ಕೆ ವೆಲ್ಕ್ರೋ ಪಟ್ಟಿ ಹಾಕಿ ಕಳಿಸಿದ್ದೀನಿ. ಪೋಸ್ಟ್ ಆಫೀಸಿನವನು ಅದನ್ನ ತೆಗೆದು ಮುಚ್ಚಿ, ತೆಗೆದು ಮುಚ್ಚಿ ಆಟ ಆಡ್ದ. "ಏನ್ ಸಾರ್ ಇದು, ಕಾಗದಕ್ಕೂ ಚಡ್ಡಿ ಹಾಕಿದ್ದೀರಾ?" ಅಂದ. "ಹೌದಪ್ಪಾ, ಒಳಗಿರೋದೆಲ್ಲಾ ಬೆತ್ತಲೆ" ಅಂದೆ. ಕ್ಯೂನಲ್ಲಿ ನಿಂತಿದ್ದೋರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಇತ್ತೀಚೆಗೆ ಹೀಗೇ ಆಗ್ತಿದೆ. ಮಾತು ತಾನಾಗೇ ಬರತ್ತೆ, ನಗು ಬರಲ್ಲ.

ವೆಲ್ಕ್ರೋ ಕಂಡ್ರೆ ನಿನಗಾಗಲ್ಲ ಅಂತ ಗೊತ್ತು. "ಅದು ಹೊಲಿಗೆ ಅಲ್ಲ ಕಣೋ, ಜಗಳ" ಅಂತಿದ್ದೆ. ಗೊತ್ತಿದ್ದೂ ಯಾಕೆ ಹಾಕಿದೆ ಅನ್ನೋದು ಓದ್ತಾ ಹೋದ ಹಾಗೆ ನಿನಗೇ ತಿಳಿಯತ್ತೆ.

ಫೋನ್ ಮಾಡಿದಾಗೆಲ್ಲ ನಿನ್ನ ತಂಗಿ ತೆಗೀತಾಳೆ. "ಅಕ್ಕ ಮಲಗಿದ್ದಾಳೆ" ಅಂತಾಳೆ. ಬೆಳಿಗ್ಗೆ ಮಾಡಿದ್ರೂ ಮಲಗಿದ್ದಾಳೆ, ಮಧ್ಯಾಹ್ನ ಮಾಡಿದ್ರೂ ಮಲಗಿದ್ದಾಳೆ. ಮೊನ್ನೆ ಹಿಂದುಗಡೆಯಿಂದ ನಿನ್ನ ಕೆಮ್ಮು ಕೇಳಿಸ್ತು. "ನಿಮ್ಮಕ್ಕ ನಿದ್ದೇಲಿ ಕೆಮ್ಮೋದಲ್ಲದೆ 'ನಾನಿಲ್ಲ ಅನ್ನು' ಅಂತಾನೂ ಕನವರಿಸ್ತಾಳಾ?" ಅಂತ ಕೇಳಿದೆ. ಫೋನ್ ಇಟ್ಟುಬಿಟ್ಟಳು. ಅವಳ ತಪ್ಪಿಲ್ಲ ಬಿಡು.

ಸೀಸನ್ ಮುಗೀತು. ಕೊನೆಯ ಶನಿವಾರ ನೀನು ನೋಡಿಲ್ಲ ಅಂತ ಗೊತ್ತು. ನಮ್ಮ ಕಾರ್ಯಕ್ರಮ ಬರೋ ಹೊತ್ತಿಗೆ ನೀನು ಟೀವಿ ಆರಿಸಿ ಅದರ ಮೇಲೊಂದು ಟವಲ್ ಹೊದಿಸ್ತೀಯಂತೆ, ನಿನ್ನ ತಂಗಿನೇ ಒಂದ್ಸಲ ಬಾಯಿಬಿಟ್ಟಳು. ನೋಡು, ಕೆಲಸ ಬಿಟ್ರೂ ಕಸುಬು ಬಿಡಲಿಲ್ಲ ನೀನು, ಟೀವಿಗೂ ಬಟ್ಟೆ ತೊಡಿಸ್ತಿದ್ದೀಯ. ಅದಕ್ಕೇ ಅವತ್ತು ಏನಾಯ್ತು ಅಂತ ನಾನೇ ಬರೆದು ತಿಳಿಸಬೇಕಾಯ್ತು. ಬೇರೆ ಯಾರು ಹೇಳಿದ್ರೂ ಅದೊಂದು ಜೋಕು ಅಂತಲೇ ಹೇಳ್ತಾರೆ.

ಸ್ವಲ್ಪ ಹಿಂದಕ್ಕೆ ಹೋಗ್ತೀನಿ. ವಯಸ್ಸಾದವನು, ಮುಂದಕ್ಕೆ ಹೋಗೋಕೆ ಜಾಗ ಕಮ್ಮಿ.

ನಮ್ಮದು ನೇರ ಪ್ರಸಾರ. ನೇರ ಅನ್ನೋದು ಹೆಸರಿಗೆ, ಒಳಗಿದ್ದ ನಾವೆಲ್ಲ ಡೊಂಕು. ಪ್ರತಿ ಶನಿವಾರ ಸಂಜೆ ಒಂದು ಗಂಟೆ ಕಾಲ ಇಡೀ ದೇಶದ ಎದುರು ಪುಟ್ಟ ಪುಟ್ಟ ನಾಟಕ. ತಪ್ಪಿದ್ರೆ ತಿದ್ದೋ ಹಾಗಿಲ್ಲ, ಬಿದ್ರೆ ಎದ್ದು ಮುಂದಕ್ಕೆ ಹೋಗಬೇಕು. ಕಾರ್ಯಕ್ರಮ ಶುರುವಾದಾಗ ಹುಟ್ಟಿದ ಮಕ್ಕಳು ಈಗ ತಮ್ಮ ಮಕ್ಕಳನ್ನ ಪಕ್ಕದಲ್ಲಿ ಕೂರಿಸಿಕೊಂಡು ನೋಡ್ತಾರೆ. ಅಷ್ಟು ವರ್ಷದಿಂದ ನನ್ನ ಕೆಲಸ ಜಾಹೀರಾತು ಶುರುವಾದಾಗ ಜಡ್ಜು, ಜಾಹೀರಾತು ಮುಗಿಯೋಷ್ಟರಲ್ಲಿ ರಾಣಿ. ಆ ನಡುವಿನ ಚೂರೇ ಚೂರು ಹೊತ್ತು ನಿನ್ನದು. ನೀನು ಸೂಜಿ, ನಿನ್ನ ಕೆಲಸ ಸೋಜಿಗ ಅಂತ ನಾನು ಹೇಳಿದಾಗೆಲ್ಲ "ಹಳೇದಾಯ್ತು, ಹೊಸದು ಹೊಲಿ" ಅಂತಿದ್ದೆ.

ಆ ಮೂಲೆ ನೆನಪಾಗತ್ತಾ? ಏನು ಕೇಳ್ತಿದ್ದೀನಿ ನೋಡು. ಸೆಟ್ಟಿನ ಪ್ಲೈವುಡ್ ಗೋಡೆ ಹಿಂದೆ ಮೂರು ಕಡೆ ಕರೀ ಬಟ್ಟೆ ಕಟ್ಟಿದ ಜಾಗ. ಬಚ್ಚಲುಮನೆಗಿಂತ ಚಿಕ್ಕದು. ಒಂದು ಸ್ಟೂಲು, ಒಂದು ಮೊಳೆ, ಮೊಳೆಗೆ ನೇತುಹಾಕಿದ ಪುಟ್ಟ ಟೀವಿ. ನಾನು ಓಡಿ ಬಂದು ಬೆನ್ನು ತೋರಿಸಿ ಎರಡೂ ಕೈ ಚಾಚಿ ನಿಲ್ತಿದ್ದೆ, ಪೊಲೀಸಿಗೆ ಸಿಕ್ಕಿಬಿದ್ದ ಕಳ್ಳನ ಹಾಗೆ. ನೀನು ಹಲ್ಲಲ್ಲಿ ಪುಟ್ಟ ಟಾರ್ಚ್ ಕಚ್ಕೊಂಡು ಹಳೇದು ಎಳೆದು ಹೊಸದು ಏರಿಸಿ, ಕತ್ತಿಂದ ಸೊಂಟದವರೆಗೆ ಹುಕ್ಕು ಹಾಕ್ತಾ ಇಳೀತಿದ್ದೆ. ವೆಲ್ಕ್ರೋ ಸದ್ದು ಮೈಕಿಗೆ ಹೋಗತ್ತೆ ಅಂತ ನೀನು ಅದನ್ನ ಒಳಗೇ ಬಿಟ್ಕೊಂಡಿರಲಿಲ್ಲ. ಹುಕ್ಕು, ಟಿಚ್ ಬಟನ್, ಅಷ್ಟೇ. ಬಾಯಲ್ಲಿ ಟಾರ್ಚ್ ಇರೋದ್ರಿಂದ ಮಾತಿಲ್ಲ. ಕೊನೇ ಹುಕ್ಕು ಕೂತ ಮೇಲೆ ನನ್ನ ಬಲಭುಜದ ಮೇಲೆ ಎರಡು ಸಲ ತಟ್ತಿದ್ದೆ. ಮುಚ್ಚಿದೆ, ಹೋಗು ಅಂತ ಅರ್ಥ. ನನಗೆ ಬೆನ್ನಲ್ಲಿ ಕಣ್ಣಿಲ್ವಲ್ಲ. ಆ ತಟ್ಟು ಬೀಳೋವರೆಗೆ ನಾನು ಯಾವತ್ತೂ ಕಾಲು ಎತ್ತಿಟ್ಟವನಲ್ಲ.

ನನ್ನ ಹೆಂಡತಿ ಬದುಕಿದ್ದಾಗ ಬಂದೋರ ಎದುರೆಲ್ಲಾ ಹೇಳ್ತಿದ್ದಳು, "ನಮ್ಮನೆಯವರ ಬೆನ್ನು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು" ಅಂತ. ನೀನು ನಾಚ್ಕೊಂಡು "ಅಯ್ಯೋ, ನೋಡೋ ಅಂಥದ್ದೇನಿಲ್ಲ ಅಲ್ಲಿ" ಅಂದಿದ್ದೆ. ಅವಳು ವಾರಗಟ್ಟಲೆ ನಕ್ಕಿದ್ದಳು.

ಬೆಳಕಲ್ಲಿ ನನ್ನನ್ನ ನೀನು "ನೀವು" ಅಂತಿದ್ದೆ. ನಾಲ್ಕು ಜನರ ಎದುರು ಹಿರಿಯ ಕಲಾವಿದರು, ಬನ್ನಿ, ಹೋಗಿ, ಕೂತ್ಕೊಳ್ಳಿ. ಪರದೆ ಒಳಗೆ ಕತ್ತಲಾಗ್ತಿದ್ದ ಹಾಗೇ, ಟಾರ್ಚ್ ಬಾಯಿಗೆ ಹೋಗೋಕೆ ಮೊದಲು, "ಏನೋ ಪುಣ್ಯಾತ್ಮಾ, ಮತ್ತೆ ಹೊಟ್ಟೆ ಬಿಟ್ಟಿದ್ದೀಯಲ್ಲೋ, ಉಸಿರು ಎಳ್ಕೋ" ಅಂತ ಶುರು. ನನ್ನನ್ನ "ನೀನು" ಅನ್ನೋರು ಈ ಲೋಕದಲ್ಲಿ ಉಳಿದಿದ್ದೇ ನೀನೊಬ್ಬಳು. ಅದಕ್ಕೇ ಹೊಟ್ಟೆ ಬಿಡ್ತಿದ್ದೆ.

ಇನ್ನು ಆ ಜೇಬಿನ ಯುದ್ಧ. ನಿನ್ನ ಏಪ್ರನ್ ಜೇಬಿಗೆ ನಾನು ಏನೇನು ಹಾಕಿಲ್ಲ ಹೇಳು. ಬೇಯಿಸಿದ ಮೊಟ್ಟೆ, ನಾಟಕದ ಹಲ್ಲುಸೆಟ್ಟು, ಕೀ ಕೊಟ್ರೆ ಕಿರುಚೋ ಇಲಿ. ಅದಕ್ಕೆ ನೀನು ಸೇಡು ತೀರಿಸ್ಕೊಂಡಿದ್ದು ಬ್ಯಾಂಕ್ ದರೋಡೆ ನಾಟಕದಲ್ಲಿ. ನನ್ನ ಕೋಟಿನ ಎಲ್ಲಾ ಜೇಬನ್ನೂ ಹೊಲಿದು ಮುಚ್ಚಿಬಿಟ್ಟಿದ್ದೆ, ಬಂದೂಕು ಒಳಗೇ. ಇಡೀ ದೇಶ ನೋಡ್ತಿದೆ, ನಾನು ಜೇಬು ಉಜ್ಜುತ್ತಾ ನಿಂತಿದ್ದೀನಿ. "ಸ್ವಲ್ಪ ತಡ್ಕೊಳ್ಳಿ, ಬಂದೂಕು ದರ್ಜಿ ಹತ್ರ ಇದೆ" ಅಂದೆ. ಕ್ಯಾಷಿಯರ್ ಪಾತ್ರದವನು ಮುಖ ಗಂಟು ಹಾಕ್ಕೊಂಡು "ಪರವಾಗಿಲ್ಲ ಸಾರ್, ಸೋಮವಾರ ಬನ್ನಿ" ಅಂದ. ಪರದೆ ಹಿಂದೆ ನೀನು ಬಾಯಿಗೆ ಬಟ್ಟೆ ತುರುಕಿಕೊಂಡು ನಗ್ತಾ ನೆಲದ ಮೇಲೆ ಕೂತುಬಿಟ್ಟಿದ್ದೆ. ಸಾವಿರಾರು ಜನರನ್ನ ನಗಿಸಿದ್ದೀನಿ ಅಂತಾರೆ. ನಾನು ನೋಡಿ ನೆನಪಿಟ್ಕೊಂಡಿರೋ ನಗು ಅದೊಂದೇ.

ಈ ಸೀಸನ್ ಶುರುವಾದಾಗ ವಿಷಯ ಮೊದಲು ಗೊತ್ತಾಗಿದ್ದು ನನಗಲ್ಲ, ನನ್ನ ಬೆನ್ನಿಗೆ. ಹುಕ್ಕು ಹಾಕೋವಾಗ ನಿನ್ನ ಬೆರಳ ಗಿಣ್ಣು ಬೆನ್ನಿಗೆ ತಾಗ್ತಾ ಬಿಡ್ತಾ ಇತ್ತು, ಬಾಗಿಲು ಬಡಿಯೋಕೆ ಹೆದರ್ತಾ ಇರೋರ ಹಾಗೆ. ಏಸಿ ಚಳಿ ಅಂದ್ಕೊಂಡೆ. ಆಮೇಲೆ ಕಣ್ಣಿಟ್ಟೆ. ನೀನು ಟೀ ಅರ್ಧ ಲೋಟಕ್ಕೇ ಸಾಕು ಅಂತಿದ್ದೆ. ಸೂಜಿಗೆ ದಾರ ಪೋಣಿಸೋಕೆ "ನಿಮ್ಮದು ಎಳೇ ಕಣ್ಣು, ಕಲ್ತ್ಕೊಳ್ಳಿ" ಅಂತ ಹೊಸಬರಿಗೆ ಕೊಡ್ತಿದ್ದೆ. ಸುಮ್ಮನೆ ಕೂತಾಗ ನಿನ್ನ ಎಡಗೈಯನ್ನ ಬಲಗೈ ಹಿಡ್ಕೊಂಡಿರ್ತಿತ್ತು, ರಸ್ತೆ ದಾಟೋವಾಗ ಮಗೂನ ಹಿಡ್ಕೊಂಡ ಹಾಗೆ.

ನಾನು ಕೇಳಲಿಲ್ಲ. ಕೇಳಿದ್ರೆ ನೀನು ಉತ್ತರ ಹೇಳಬೇಕಾಗ್ತಿತ್ತು. ತಂಗಿಗೂ ಹೇಳದೆ ಬಚ್ಚಿಟ್ಟಿದ್ದನ್ನ ಒಬ್ಬ ಕೋಡಂಗಿ ಎದುರು ಹೇಗೆ ಹೇಳ್ತಿದ್ದೆ? ಅಲ್ಲದೆ ನಮ್ಮ ಪ್ರೊಡ್ಯೂಸರ್ ಗೊತ್ತಲ್ಲ, ಗಡಿಯಾರ. ಮಾತು ಮಾತಿಗೂ ಮಣಿಕಟ್ಟು ಕುಟ್ಟಿ ತೋರಿಸ್ತಾನೆ ಅಂತ ನಾನಿಟ್ಟ ಹೆಸರು. ನಿಜಕ್ಕೂ ಗಡಿಬಿಡಿಯಾರ ಅನ್ನಬೇಕಿತ್ತು. ಮೇಕಪ್ ಮೇಷ್ಟ್ರಿಗೆ ಕಣ್ಣು ಮಂಜಾದಾಗ ಅವನೇನು ಮಾಡ್ದ? ಸೋಮವಾರ ದೊಡ್ಡ ಹೂಗುಚ್ಛ ಕೊಟ್ಟು, ಫೋಟೋ ತೆಗೆಸಿ, ಬಾಗಿಲವರೆಗೂ ಬಂದು ಕಳಿಸಿಕೊಟ್ಟ. ಗಡಿಯಾರ ಹೂ ಕೊಟ್ಟ ಅಂದ್ರೆ ಕೆಲಸ ಹೋಯ್ತು ಅಂತ ನಮ್ಮಲ್ಲಿ ಕಸ ಗುಡಿಸೋರಿಗೂ ಗೊತ್ತು. ನೀನು ಆ ಹೂವಿಗೆ ಎಷ್ಟು ಹೆದರ್ತಿದ್ದೆ ಅಂತ ನನಗೆ ಗೊತ್ತಿತ್ತು. ಆ ಮೂಲೆ ಬಿಟ್ರೆ ನಿನಗೆ ಬೇರೆ ಊರಿಲ್ಲ.

ಆಮೇಲೆ ಆ ರಾಣಿ ನಾಟಕ ಬಂತು. ಉಪ್ಪರಿಗೆ ಮೇಲೆ ನಿಂತು ಪ್ರಜೆಗಳಿಗೆ ಭಾಷಣ ಮಾಡಿ ತಿರುಗಿ ಒಳಗೆ ಹೋಗಬೇಕು. ನೀನು ತಟ್ಟಿದೆ, ಎರಡು ಸಲ. ನಾನು ಹೊರಟೆ. ಉಪ್ಪರಿಗೆ ಹತ್ತಿ "ನನ್ನ ಪ್ರೀತಿಯ ಪ್ರಜೆಗಳೇ" ಅಂದ ತಕ್ಷಣ ಬೆನ್ನಿಗೆ ತಣ್ಣನೆ ಗಾಳಿ ಹೊಡೀತು. ಅರ್ಧಕ್ಕರ್ಧ ಹುಕ್ಕು ಕೂತಿರಲಿಲ್ಲ. ನಿನ್ನ ಬೆರಳಿಗೆ ಕೂತ ಹಾಗೆ ಅನ್ನಿಸಿದೆ, ಕೂತಿಲ್ಲ. ನಿನಗದು ಗೊತ್ತೇ ಇಲ್ಲ, ಸೂಜಿ. ಇವತ್ತಿಗೂ ಗೊತ್ತಿಲ್ಲ. ಈ ಕಾಗದ ಬರೀತಿರೋದೇ ಅದನ್ನ ಹೇಳೋಕೆ, ಆದ್ರೆ ಬರೆಯೋ ಹೊತ್ತಿಗೂ ಹೇಳಬಾರದಿತ್ತು ಅನ್ನಿಸ್ತಿದೆ.

ಏಡಿ ಹಾಗೆ ಅಡ್ಡಡ್ಡ ನಡೆದು ಒಳಗೆ ಹೋಗಬಹುದಿತ್ತು. ಆದ್ರೆ ಮೇಲೆ ಕಂಟ್ರೋಲ್ ರೂಮಿನ ಅಷ್ಟು ಟೀವಿಯಲ್ಲಿ ಒಂದರಲ್ಲಾದ್ರೂ ಕಾಣ್ತಿತ್ತು. ಆಮೇಲೆ ವಿಚಾರಣೆ, ಯಾರು ಹುಕ್ಕು ಹಾಕಿದ್ದು ಅಂತ. ಅದಕ್ಕೇ ನಾನೇ ಕ್ಯಾಮೆರಾಗೆ ಬೆನ್ನು ಕೊಟ್ಟು ನಿಂತೆ. ಉಳಿದ ಹುಕ್ಕನ್ನೂ ಕೈ ಹಿಂದೆ ಹಾಕಿ ಎಳೆದೆ. ಒಳಗೆ ತೂತುಬಿದ್ದ ಬನಿಯನ್ನು. "ಬೊಕ್ಕಸ ಎಷ್ಟು ಖಾಲಿ ಅಂತ ಈಗಲಾದ್ರೂ ನಂಬ್ತೀರಾ!" ಅಂದೆ. ಸ್ಟುಡಿಯೋ ಹಾರಿಹೋಗೋ ಹಾಗೆ ನಕ್ಕರು. ಫ್ಲೋರ್ ನೋಡ್ಕೊಳ್ಳೋ ಹುಡುಗಿಯ ಹೆಡ್‌ಫೋನಲ್ಲಿ ಗಡಿಯಾರ ಕಿರುಚಿದ್ದು ನನಗೂ ಕೇಳಿಸ್ತು, "ಮುದುಕ ಮತ್ತೆ ಕಿತಾಪತಿ ಶುರು ಮಾಡ್ದ!" ಎಂಥಾ ಖುಷಿಯಾಯ್ತು ಅಂತೀಯಾ. ಜೀವನಪೂರ್ತಿ ಕೂಡಿಟ್ಟ ಕೆಟ್ಟ ಹೆಸರು ಕೊನೆಗೂ ಒಂದು ಒಳ್ಳೇ ಕೆಲಸಕ್ಕೆ ಬಂತು ಅನ್ನಿಸ್ತು.

ಮೂಲೆಗೆ ಬಂದಾಗ ನೀನು ಟಾರ್ಚ್ ಬಾಯಿಂದ ತೆಗೆದು ಕೇಳಿದೆ, "ಯಾಕೋ ಬಿಚ್ಚಿದೆ?" ಅಂತ.

"ಸೆಖೆ ಕಣೆ" ಅಂದೆ.

ನಕ್ಕೆ ನೀನು. ಅಲ್ಲೇ ಎಡವಟ್ಟಾಗಿದ್ದು.

ಅವತ್ತಿಂದ ಅದೇ ನನ್ನ ಕೆಲಸ ಆಗಿಹೋಯ್ತು. ಹೋಟೆಲ್ ಮಾಣಿ ಆಗಿ ಬಿಚ್ಚಿದೆ, ವಿಮಾನದ ಪೈಲಟ್ ಆಗಿ ಬಿಚ್ಚಿದೆ, ಹೆಣದ ಪಾತ್ರ ಮಾಡಿದಾಗಲೂ ಎದ್ದು ಕೂತು ಬೆನ್ನು ತೋರಿಸಿ ಮತ್ತೆ ಮಲಗಿದೆ. ಕೆಲವು ವಾರ ನಿನ್ನ ಕೈ ಹೇಳಿದ ಮಾತು ಕೇಳ್ತಿತ್ತು, ಎಲ್ಲಾ ಹುಕ್ಕೂ ಸರಿಯಾಗಿ ಕೂತಿರ್ತಿತ್ತು. ಆ ವಾರಗಳಲ್ಲೂ ನಾನೇ ಬಿಚ್ಚಿದೆ. ಯಾಕೆ ಗೊತ್ತಾ? ಒಂದು ವಾರ ತೆರೆದು ಇನ್ನೊಂದು ವಾರ ಮುಚ್ಚಿದ್ರೆ ಯಾರಾದ್ರೂ ಯೋಚನೆ ಮಾಡ್ತಾರೆ. ಪ್ರತಿ ವಾರ ತೆರೆದಿದ್ರೆ ಅದು ಮುದುಕನ ಚಾಳಿ, ಅಷ್ಟೇ. ನನ್ನ ತಲೆಗೆ ಅದು ಎಂಥಾ ಜಾಣತನ ಅಂತ ಕಂಡಿತ್ತು! ತಮಾಷೆ ಮಾಡೋರಿಗೆ ಒಂದು ರೋಗ ಇದೆ, ಸೂಜಿ. ಎಲ್ಲಾ ಬಾಗಿಲಿಗೂ ಒಂದೇ ಬೀಗದಕೈ ಸಾಕು ಅಂದ್ಕೋತೀವಿ.

ಆಮೇಲೆ ಬೀದೀಲಿ ಮಕ್ಕಳು ಶರ್ಟು ಹಿಂದುಮುಂದು ಹಾಕ್ಕೊಂಡು ಗುಂಡಿ ಬಿಚ್ಚಿ ಓಡಾಡೋಕೆ ಶುರು ಮಾಡಿದ್ರು. ಬಸ್ಸಲ್ಲಿ ಒಬ್ಬ ದೊಡ್ಡ ಮನುಷ್ಯ ನನ್ನ ಕಂಡು ಎದ್ದು ನಿಂತು ಬೆನ್ನು ತಿರುಗಿಸಿ ನಮಸ್ಕಾರ ಮಾಡ್ದ. ಗಡಿಯಾರ ಮಣಿಕಟ್ಟು ಕುಟ್ಟೋದು ಬಿಟ್ಟು ಕೈ ಉಜ್ಜೋಕೆ ಶುರು ಮಾಡ್ದ. ಆಗಲೇ ನಾನು ಹೆದರಬೇಕಿತ್ತು.

ಸೇನಾಪತಿ ನಾಟಕದ ದಿನ ನಿನಗೆ ಮರೆತಿರಲ್ಲ. ನನಗಂತೂ ಮರೆಯೋ ಯೋಗ್ಯತೆ ಇಲ್ಲ. ಆ ದಪ್ಪ ಯೂನಿಫಾರ್ಮು, ನೆಟ್ಟಗೆ ನಿಲ್ಲೋ ಕಾಲರ್ರು, ಬೆನ್ನುದ್ದಕ್ಕೂ ಒತ್ತೊತ್ತಾಗಿ ಹುಕ್ಕು. ಬೆಳಿಗ್ಗೆಯಿಂದ ನೀನು ಯಾರ ಹತ್ರಾನೂ ಮಾತಾಡದೆ ಕಾಸ್ಟ್ಯೂಮ್ ರೂಮಲ್ಲಿ ಅದನ್ನೊಂದು ದಿಂಬಿಗೆ ತೊಡಿಸಿ ಹುಕ್ಕು ಹಾಕಿ ತೆಗೆದು, ಹಾಕಿ ತೆಗೆದು ಮಾಡ್ತಿದ್ದಿದ್ದನ್ನ ಬಾಗಿಲ ಸಂದಿಯಿಂದ ನೋಡಿದ್ದೆ. ಸಂಜೆ ಆ ಮೂಲೇಲಿ ಒಂದೊಂದು ಹುಕ್ಕೂ ಕಟ್ ಅಂತ ಕೂತಿದ್ದು ನನ್ನ ಬೆನ್ನಿಗೆ ಕೇಳಿಸ್ತು. ಒಂದೂ ತಪ್ಪಲಿಲ್ಲ. ನಿನ್ನ ಉಸಿರು ಓಡ್ತಾ ಇತ್ತು. ತಟ್ಟಿದೆ ನೋಡು, ಎರಡು ಸಲ, ಜೋರಾಗಿ. ಗೆದ್ದವಳ ತಟ್ಟು ಅದು.

ನಾನು ಹೊರಗೆ ಹೋಗಿ, ಸೈನ್ಯಕ್ಕೆ ಸಲ್ಯೂಟ್ ಹೊಡೆದು, ಹಿಂದೆ ಕೈ ಹಾಕಿ ಬರ್ರ್ ಅಂತ ಎಲ್ಲಾ ಹುಕ್ಕನ್ನೂ ಕಿತ್ತು ತೋರಿಸಿದೆ.

ಮೊಳೆಗೆ ನೇತುಹಾಕಿದ ಆ ಪುಟ್ಟ ಟೀವಿಯಲ್ಲಿ ನೀನು ನೋಡ್ತಿದ್ದೆ ಅಂತ ಆ ಗಳಿಗೇಲಿ ನನಗೆ ಹೊಳೀಲೇ ಇಲ್ಲ.

ವಾಪಸ್ ಬಂದಾಗ ನಿನ್ನ ಬಾಯಲ್ಲಿ ಟಾರ್ಚ್ ಇರಲಿಲ್ಲ. ಕತ್ತಲಲ್ಲೇ ಮುಂದಿನ ಅಂಗಿ ತೊಡಿಸಿದೆ. "ನನ್ನ ಕೈ ನಿಮಗೆ ಗೊತ್ತಾಗಿದೆ, ಅಲ್ವಾ?" ಅಂದೆ. ನಾನು ಬಾಯಿಬಿಡೋಷ್ಟರಲ್ಲಿ, "ಗೊತ್ತಾಗಿ ಅದನ್ನೇ ಆಟ ಮಾಡ್ಕೊಂಡ್ರಿ. ಇವಳು ಹಾಕಿದ್ದು ಹೇಗೆ ಬಿಚ್ಚಿಹೋಗತ್ತೆ ನೋಡಿ ಅಂತ ದೇಶಕ್ಕೆಲ್ಲಾ ತೋರಿಸಿದ್ರಿ" ಅಂದೆ. ಆಮೇಲೆ ತಟ್ಟಲಿಲ್ಲ. "ಆಯ್ತು. ಹೋಗಿ" ಅಂದೆ.

ಹೋಗಿ. ಕತ್ತಲಲ್ಲಿ, ಇಷ್ಟು ವರ್ಷಕ್ಕೆ ಮೊದಲ ಸಲ, ಹೋಗಿ.

ಹೊರಗೆ ಫ್ಲೋರ್ ಹುಡುಗಿ ಬೆರಳು ಮಡಚಿ ಎಣಿಸ್ತಿದ್ದಳು. ಹೋದೆ. ಇನ್ನೇನು ಮಾಡಲಿ, ನೇರ ಪ್ರಸಾರ. ಯಾವ ನಾಟಕ ಆಡಿದೆ ಅಂತಾನೇ ನೆನಪಿಲ್ಲ. ಮುಗಿಸಿ ಬರೋಷ್ಟರಲ್ಲಿ ನೀನು ಹೋಗಿದ್ದೆ, ಸ್ಟೂಲು ತಲೆಕೆಳಗಾಗಿತ್ತು.

ಸೋಮವಾರ ಗಡಿಯಾರ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ ಹೇಳ್ದ. ಇನ್ನು ಮುಂದೆ ಅಂಗಿ ತಾನಾಗೇ ಬಿಚ್ಚಿಹೋಗೋ ಹಾಗೆ ಮಾಡೋದು, ಎಲ್ಲಾ ವೆಲ್ಕ್ರೋ, ಮೀನು ಹಿಡಿಯೋ ದಾರ ಕಟ್ಟಿ ಮೇಲಿಂದ ಎಳೆಯೋದು, ಒಂದೇ ಸಲಕ್ಕೆ ಪೂರ್ತಿ ಕೆಳಗೆ, ಇನ್ನು ಮೂಲೇಲಿ ಹುಕ್ಕು ಹಾಕೋರು ಬೇಡ ಅಂತ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನು ಎದ್ದು ನಿಂತೆ. "ಜೋಕು ಹಳಸಿದೆ, ಬಿಟ್ಟುಬಿಡೋಣ" ಅಂದೆ. "ಹಳಸೋದಾ! ಜನ ಇದಕ್ಕೇ ಕಾಯ್ತಾರೆ ಸಾರ್" ಅಂದ. "ಅವಳಿಲ್ದೆ ನಾನು ವೇದಿಕೆಗೆ ಹೋಗಲ್ಲ" ಅಂದೆ. ಅವನಿಗೆ ನಿಜಕ್ಕೂ ಅರ್ಥ ಆಗಲಿಲ್ಲ, ಪಾಪ. "ಅವರು ಹಾಕಿದ್ದನ್ನೆಲ್ಲ ನೀವೇ ಬಿಚ್ತೀರ. ಬಿಚ್ಚೋಕೇ ಅಂದ್ಮೇಲೆ ಹಾಕೋರು ಯಾಕೆ ಬೇಕು ಹೇಳಿ?" ಅಂದ.

ಅದಕ್ಕೆ ನನ್ನ ಹತ್ರ ಒಂದೇ ಒಂದು ಉತ್ತರ ಇತ್ತು. ಅದು ನಿನ್ನ ಕೈ. ಅದನ್ನ ಮೇಜಿನ ಮೇಲಿಟ್ರೆ ನಿನ್ನ ಮಾನ ಹೋಗ್ತಿತ್ತು, ಇಡದೆ ಇದ್ರೆ ನಿನ್ನ ಕೆಲಸ. ನಾನು ಕೂತ್ಕೊಂಡೆ. ನಿನ್ನ ಗುಂಡಿ ಕಾಯೋಕೆ ಹೋಗಿ ನಿನಗೇ ಗುಂಡಿ ತೋಡಿದ್ದೆ. ನಗಬೇಡ, ಇದು ಹೊಸದಾಗಿ ಹೊಲಿದಿದ್ದಲ್ಲ, ಅವತ್ತೇ ಆ ಮೇಜಿನ ಮುಂದೆ ಕೂತಿದ್ದಾಗ ತಲೆಗೆ ಬಂದಿದ್ದು. ನನ್ನ ತಲೆ ಎಂಥಾ ದರಿದ್ರ ಅಂದ್ರೆ, ಮನೆ ಸುಡ್ತಿದ್ರೂ ಅದು ಪ್ರಾಸ ಹುಡುಕ್ತಾ ಕೂರತ್ತೆ.

ಅವನು ಕೊಟ್ಟ ಹೂಗುಚ್ಛ ನೀನು ಇಸ್ತ್ರಿ ಮೇಜಿನ ಮೇಲೇ ಬಿಟ್ಟು ಹೋದೆಯಂತೆ. ಏಪ್ರನ್ ಮಾತ್ರ ಮಡಚಿ ಚೀಲಕ್ಕೆ ಹಾಕ್ಕೊಂಡೆಯಂತೆ. ಅದರ ಜೇಬಲ್ಲಿ ನಾನು ಶನಿವಾರ ಬೆಳಿಗ್ಗೆನೇ ಹಾಕಿದ್ದ ಪ್ಲಾಸ್ಟಿಕ್ ಹಲ್ಲಿ ಇತ್ತು. ಸಿಕ್ತಾ? ಸಿಕ್ಕಾಗ ಏನನ್ನಿಸ್ತು ಅಂತ ಯೋಚಿಸೋಕೆ ಹೋದ್ರೆ ನನಗೆ ಊಟ ಇಳಿಯಲ್ಲ.

ಇನ್ನು ಆ ಕೊನೆಯ ಶನಿವಾರ.

ನಾನು ಡಾಕ್ಟರ್. ರೋಗಿ ಪಾತ್ರದ ನಟಿ ಮಂಚದ ಮೇಲೆ ಮಲಗಿ "ಒಳಗೆ ಬನ್ನಿ ಡಾಕ್ಟ್ರೇ" ಅನ್ನಬೇಕು, ನಾನು ಬಾಗಿಲು ತೆಗೆದು ಒಳಗೆ ಹೋಗಬೇಕು, ನಾಡಿ ಹಿಡಿದ ತಕ್ಷಣ ಮೇಲಿಂದ ದಾರ ಎಳೀತಾರೆ. ಇಷ್ಟೇ. ಮೂಲೇಲಿ ಈಗ ಯಾರೂ ಇರಲ್ಲ, ಮೊಳೆಗೆ ಬಟ್ಟೆ ನೇತುಹಾಕಿರ್ತಾರೆ, ನಾನೇ ತೊಟ್ಕೊಂಡು ಚರ್ರ್ ಅಂತ ಮುಚ್ಕೋಬೇಕು. ಮುಚ್ಕೊಂಡೆ. ಎರಡೂ ಕೈ ಚಾಚಿ ನಿಂತೆ. ಯಾಕೆ ಚಾಚಿದೆ ಅಂತ ಕೇಳಬೇಡ. ಕೈ ಅದಾಗೇ ಹೋಯ್ತು.

"ಒಳಗೆ ಬನ್ನಿ ಡಾಕ್ಟ್ರೇ" ಅಂದಳು ಆಕೆ.

ನಾನು ಹೋಗಲಿಲ್ಲ. ಹೋಗಬಾರದು ಅಂತೇನಲ್ಲ. ಭುಜದ ಮೇಲೆ ತಟ್ಟು ಬಿದ್ದಿರಲಿಲ್ಲ. ಎಷ್ಟೋ ವರ್ಷದಿಂದ ಈ ಕಾಲು ಆ ತಟ್ಟಿಗೇ ಎದ್ದಿದ್ದು. ಈ ನಡುವಿನ ವಾರಗಳೆಲ್ಲ ಹೇಗೋ ತಳ್ಳಿದ್ದೆ, ಅವತ್ತು ಕಾಲು ಒಪ್ಪಲಿಲ್ಲ. ಕೊನೇ ಸಲ ಅಂತ ಅದಕ್ಕೂ ಗೊತ್ತಿತ್ತೋ ಏನೋ.

"ಡಾಕ್ಟ್ರೇ? ಬನ್ನಿ!" ಅಂದಳು ಮತ್ತೆ. ಮೊಳೆ ಮೇಲಿನ ಟೀವಿಯಲ್ಲಿ ಮುಚ್ಚಿದ ಬಾಗಿಲು ಕಾಣ್ತಿತ್ತು. ಇಡೀ ದೇಶ ಒಂದು ಬಾಗಿಲು ನೋಡ್ತಾ ಕೂತಿದೆ. ಜನ ಒಬ್ಬೊಬ್ಬರೇ ನಗೋಕೆ ಶುರು ಮಾಡಿದ್ರು. ಆಮೇಲೆ ಎಲ್ಲರೂ. "ಅಯ್ಯೋ ದೇವ್ರೇ, ಡಾಕ್ಟ್ರಿಗೇ ಏನೋ ಆಯ್ತು ಅನ್ಸತ್ತೆ" ಅಂತ ಆ ನಟಿ ಗಾಬರೀಲಿ ಅಂದಿದ್ದಕ್ಕೆ ಇನ್ನೂ ನಗು. ಪ್ಲೈವುಡ್ಡಿನ ಈ ಕಡೆ ನಾನು ಕತ್ತಲಲ್ಲಿ ಬೆನ್ನು ಕೊಟ್ಟು ನಿಂತಿದ್ದೆ. ಒಂದು ಸಲ ತಟ್ಟು ಸಾಕು, ಬೈದು ತಟ್ಟು, ಹೊಡೆದೇ ತಟ್ಟು ಅಂದ್ಕೋತಿದ್ದೆ.

ಕೊನೆಗೆ ಫ್ಲೋರ್ ಹುಡುಗಿ ಬಂದು ನನ್ನ ಮೊಣಕೈ ಹಿಡಿದು ನೂಕಿದಳು. ಬಾಗಿಲು ತೆರೆದು ಒಳಗೆ ಬಿದ್ದೆ. ನಾಡಿ ಹಿಡಿದೆ. ದಾರ ಎಳೆದ್ರು. ಕೋಟು, ಶರ್ಟು, ಪ್ಯಾಂಟು ಎಲ್ಲಾ ಒಟ್ಟಿಗೆ ಕೆಳಗೆ. ಬನಿಯನ್, ಚಡ್ಡೀಲಿ ನಿಂತಿದ್ದೆ. ನಾಚ್ಕೆ ಆಯ್ತು, ಸೂಜಿ. ಈ ವಯಸ್ಸಲ್ಲಿ, ಈ ಕಸುಬಲ್ಲಿ, ಮೊದಲ ಸಲ ನಾಚ್ಕೆ ಆಯ್ತು. ಇಷ್ಟು ದಿನ ಬಿಚ್ಚಿದ್ರೂ ಹಿಂದೆ ಮುಚ್ಚೋರು ಒಬ್ಬರಿದ್ದಾರೆ ಅನ್ನೋ ಧೈರ್ಯ ಇತ್ತು ಅಂತ ಕಾಣತ್ತೆ. ಎರಡೂ ಕೈಯಿಂದ ಎದೆ ಮುಚ್ಕೊಂಡು, ಯಾರದೋ ಮನೆಗೆ ತಪ್ಪಿ ಬಂದವನ ಹಾಗೆ ನಿಂತೆ. ಜನ ಕುರ್ಚಿ ಮೇಲೆ ಹತ್ತಿ ಕೂಗಿದ್ರು. ಅಂಥಾ ನಗು ನಮ್ಮ ಕಾರ್ಯಕ್ರಮದಲ್ಲಿ ಯಾವತ್ತೂ ಬಂದಿಲ್ಲ ಅಂತ ಎಲ್ಲರೂ ಹೇಳ್ತಾರೆ.

ಮುಗಿದ ಮೇಲೆ ಗಡಿಯಾರ ಓಡಿ ಬಂದು ಅಪ್ಕೊಂಡ. "ಆ ಮೌನ ಸಾರ್! ಆ ಬಾಗಿಲು! ಏನು ಟೈಮಿಂಗು!" ಅಂದ. ಅವನ ಕಣ್ಣಲ್ಲಿ ನೀರಿತ್ತು. ಅದಾದ ಮೇಲೆ ಹಿಂದಿನಿಂದ ಯಾರೋ ತಂದುಕೊಟ್ರು, ಅವನು ನನ್ನ ಕೈಗಿಟ್ಟ. ಹೂಗುಚ್ಛ. ನಿನ್ನದಕ್ಕಿಂತ ದೊಡ್ಡದು, ಹೊಟ್ಟೆಕಿಚ್ಚು ಪಡಬೇಡ. ಬರೋ ಸೀಸನ್‌ಗೆ ಬಿಚ್ಚೋಕೆ ಒಬ್ಬ ಗಟ್ಟಿಮುಟ್ಟಾದ ಹುಡುಗನ್ನ ಆರಿಸಿದ್ದಾರಂತೆ. ಮೈಕಟ್ಟು ಚೆನ್ನಾಗಿದೆಯಂತೆ. ಜೋಕು ಉಳೀತು, ನೋಡು. ನಿನ್ನ ಮಾನ ಮುಚ್ಚೋಕೆ ಹುಟ್ಟಿದ ಜೋಕು ನಿನ್ನನ್ನೂ ಕಳಿಸಿ, ನನ್ನನ್ನೂ ಕಳಿಸಿ, ತಾನು ಮಾತ್ರ ಹಾಯಾಗಿದೆ.

ಮಾರನೇ ಬೆಳಿಗ್ಗೆ ಆ ಹೂ ಹಿಡ್ಕೊಂಡು ನಿನ್ನ ಬೀದಿಗೆ ಬಂದಿದ್ದೆ. ಎದುರಿನ ಬಸ್‌ಸ್ಟಾಪಲ್ಲಿ ನಿಂತಿದ್ದೆ. ನೋಡಿದೋರು ಮುದುಕ ಹೆಣ್ಣು ಕೇಳೋಕೆ ಹೊರಟಿದ್ದಾನೆ ಅಂದ್ಕೊಂಡಿರ್ತಾರೆ. ನೀನು ಮೇಲೆ ಬಾಲ್ಕನೀಲಿ ಬಟ್ಟೆ ಒಣಗಿಸ್ತಿದ್ದೆ. ಒಂದು ದಿಂಬಿನ ಕವರಿಗೆ ಕ್ಲಿಪ್ ಹಾಕೋಕೆ ಹೋದೆ, ಬಿತ್ತು. ಇನ್ನೊಂದು ತಗೊಂಡೆ, ಅದೂ ಬಿತ್ತು. ಮೂರನೇದು ಬಾಯಲ್ಲಿ ಕಚ್ಕೊಂಡು, ಎರಡೂ ಕೈಯಿಂದ ತಂತಿ ಹಿಡ್ಕೊಂಡು, ಸುಮ್ಮನೆ ನಿಂತೆ. ಬಾಯಲ್ಲಿ ಟಾರ್ಚ್ ಕಚ್ಕೊಂಡು ನಿಲ್ತಿದ್ದ ಹಾಗೇ. ಎಷ್ಟು ಹೊತ್ತು ನಿಂತೆ ಅಂತ ನಾನು ಹೇಳಲ್ಲ.

ಮೇಲೆ ಬರಬಹುದಿತ್ತು. ಬಂದಿದ್ರೆ ನೀನು ಬಾಗಿಲು ತೆಗೆದು "ಬನ್ನಿ, ಕೂತ್ಕೊಳ್ಳಿ" ಅಂತಿದ್ದೆ. ಅದನ್ನ ಕೇಳೋ ಶಕ್ತಿ ಇರಲಿಲ್ಲ. ಹೂವನ್ನ ಬಸ್‌ಸ್ಟಾಪಿನ ಬೆಂಚಿನ ಮೇಲೆ ಬಿಟ್ಟೆ. ಬಾಲ್ಕನಿಯಿಂದ ಕೆಳಗೆ ರಸ್ತೆಗೆ ಬಿದ್ದಿದ್ದ ಕ್ಲಿಪ್ಪಲ್ಲಿ ಒಂದನ್ನ ಎತ್ತಿ ಜೇಬಿಗೆ ಹಾಕ್ಕೊಂಡು ಬಂದೆ. ಅದನ್ನ ವಾಪಸ್ ಕಳಿಸ್ತಿಲ್ಲ. ಕದ್ದಿದ್ದು.

ಈಗ ಎಲ್ಲಾ ಹೇಳಿದ್ದೀನಿ. ಹೇಳಿದ್ರಿಂದ ಏನಾಗತ್ತೆ ಅಂತ ಯೋಚಿಸ್ದೆ. ಇಷ್ಟು ದಿನ ಮುದುಕ ನನ್ನನ್ನ ಆಟ ಮಾಡ್ಕೊಂಡ ಅಂತ ನಿನಗೆ ಸಿಟ್ಟಾದ್ರೂ ಇತ್ತು. ಈಗ ರಾಣಿ ಅಂಗಿಗೆ ನೀನು ಹಾಕಿದ ಹುಕ್ಕು ಕೂತೇ ಇರಲಿಲ್ಲ ಅಂತ ಗೊತ್ತಾಯ್ತು. ಸಿಟ್ಟಿಗಿಂತ ಇದು ಭಾರ. ಮೊದಲು ನಿನ್ನ ಕೆಲಸ ಬಿಚ್ಚಿದೆ, ಈಗ ನಿನ್ನ ಸಿಟ್ಟನ್ನೂ ಬಿಚ್ಚಿ ತಗೊಂಡೆ. ಹೇಳದೆ ಇದ್ರೆ ನಾನು ಕೆಟ್ಟವನು, ಹೇಳಿದ್ರೆ ನೀನು ಸೋತವಳು. ಯಾವ ಕಡೆಯಿಂದ ತೊಟ್ರೂ ಈ ಅಂಗಿ ಮೈಗೆ ಕೂರ್ತಿಲ್ಲ. ಆದ್ರೂ ಕಳಿಸ್ತಿದ್ದೀನಿ. ಯಾಕೆ ಅಂದ್ರೆ ಆ ಸೇನಾಪತಿ ಅಂಗಿಯ ಹುಕ್ಕು ಒಂದೂ ತಪ್ಪಿರಲಿಲ್ಲ. ಅದಕ್ಕೆ ನನ್ನ ಬೆನ್ನೊಂದೇ ಸಾಕ್ಷಿ. ಅದು ನಿನಗೆ ಗೊತ್ತಿರಬೇಕು.

ಕೈ ವಾಸಿಯಾಗಲಿ ಅಂತ ನಾನು ಬರೆಯಲ್ಲ. ಆಗಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು, ಸುಳ್ಳು ಹೇಳೋಕೆ ಇದೇನು ಟೀವಿನಾ. ಉತ್ತರ ಬರೀಬೇಕು ಅಂತಾನೂ ಇಲ್ಲ, ಪೆನ್ನು ಹಿಡಿಯೋದು ಕಷ್ಟ ಆಗಬಹುದು. ಕಾಗದ ಮಡಚಿ ಒಳಗಿಟ್ಟು ಕವರ್ ಮುಚ್ಚು, ಆ ಪಟ್ಟಿ ಮೇಲೆ ಅಂಗೈ ಒತ್ತಿದ್ರೆ ಸಾಕು, ಬೆರಳು ಬೇಡ. ಆಮೇಲೆ ಮನಸ್ಸಿದ್ರೆ ಅದರ ಮೇಲೆ ಎರಡು ಸಲ ತಟ್ಟು. ನನಗೆ ಕೇಳಿಸಲ್ಲ ಅಂತ ಗೊತ್ತು. ನಾನು ಹೇಗೂ ಇನ್ನೂ ಅಲ್ಲೇ ನಿಂತಿದ್ದೀನಿ.

ಚಳಿ ಶುರುವಾಗ್ತಿದೆ. ನಿನ್ನ ಕೈ ಬೆಚ್ಚಗಿರಲಿ, ಟೀ ಲೋಟ ಪೂರ್ತಿ ತುಂಬಿರಲಿ, ಚೆಲ್ಲಿದ್ರೆ ಚೆಲ್ಲಲಿ.

ಬೆನ್ನು ಕೊಟ್ಟು, ಕೈ ಚಾಚಿ,
ಕತ್ತಲಲ್ಲಿ ನಿನ್ನ
ಪುಣ್ಯಾತ್ಮ